ಸಾತಳ್ಳಿಯ ದೊಡ್ಡಸ್ವಾಮಿಯವರು: ಅಬ್ಬೆ ದ್ಯುಬ್ವಾ ಮತ್ತು ಅವರ ಬೇಸಾಯದ ಊರುಗಳು

ಕರಾವಳಿಯ ಕ್ರೈಸ್ತರಾದ ನಮಗೆ 1784 ಮತ್ತು 1799 ಎಂಬ ಎರಡು ಇಸವಿಗಳು ಮರೆಯಲಾಗದವು. 1784ರ ಬೂದಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಿನ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಸೆರೆ ಮುಗಿಯಿತು. ಬದುಕಿ ಉಳಿದವರಲ್ಲಿ ಅನೇಕರು ಘಟ್ಟ ಇಳಿದು ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿದ ಕಥೆ ನಮಗೆಲ್ಲ ಗೊತ್ತಿದೆ. ಆದರೆ ಘಟ್ಟದ ಮೇಲೆ ಮೈಸೂರು ಸೀಮೆಯಲ್ಲೇ ಚದುರಿ ಉಳಿದ ಕ್ರೈಸ್ತರ ಗತಿ ಏನಾಯಿತು? ಅವರನ್ನು ಹುಡುಕಿಕೊಂಡು ಹೋದವರು ಯಾರು? ಹೊಲವಿಲ್ಲದ, ಎತ್ತಿಲ್ಲದ, ಬಿತ್ತನೆಗೆ ಕಾಳಿಲ್ಲದ ಆ ಜನ ಮತ್ತೆ ಊರಾಗಿ ನಿಂತದ್ದು ಹೇಗೆ?

ಈ ಪ್ರಶ್ನೆಗಳ ಉತ್ತರ ಒಬ್ಬ ಫ್ರೆಂಚ್ ಧರ್ಮಗುರುವಿನ ಜೀವನದಲ್ಲಿದೆ. ಅವರು ವಂದನೀಯ ಜಾನ್ ಆಂತ್ವಾನ್ ದ್ಯುಬ್ವಾ. ಫ್ರಾನ್ಸಿನಲ್ಲಿ ಧರ್ಮಗುರುಗಳನ್ನು ಅಬ್ಬೆ ಎಂದು ಕರೆಯುವ ವಾಡಿಕೆಯಿಂದ ಜಗತ್ತು ಅವರನ್ನು ಅಬ್ಬೆ ದ್ಯುಬ್ವಾ ಎಂದೇ ಬಲ್ಲದು. ಮೈಸೂರು ಸೀಮೆಯ ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ವಿದ್ವಾಂಸರು ಅವರನ್ನು ಒಂದು ದೊಡ್ಡ ಪುಸ್ತಕಕ್ಕಾಗಿ ನೆನೆಯುತ್ತಾರೆ. ನಾವು ಇಲ್ಲಿ ಅವರನ್ನು ಮುಖ್ಯವಾಗಿ ಹಾಸನ ಸೀಮೆಯ ಸಾತಳ್ಳಿಯಲ್ಲಿ ಅವರು ನೆಲೆಗೊಳಿಸಿದ ಬೇಸಾಯದ ಊರುಗಳಿಗಾಗಿ ನೆನೆಯೋಣ.

ಕ್ರಾಂತಿಯ ನಾಡಿನಿಂದ ಕಾವೇರಿಯ ದಡಕ್ಕೆ

ದ್ಯುಬ್ವಾ ಅವರು 1765-66ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ವಿವಾರೇ ಪ್ರಾಂತ್ಯದ ಸೇಂ-ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹೊತ್ತಿತ್ತು. ಧರ್ಮಗುರುಗಳ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಪ್ಯಾರಿಸ್ ವಿದೇಶೀ ಪ್ರೇಷಿತ ಸಂಸ್ಥೆಗೆ ಸೇರಿದ್ದ ಅವರು ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಅನೇಕ ಧರ್ಮಗುರುಗಳ ಕೊಲೆಯಾಯಿತು.

ಆಗ ನಮ್ಮ ನಾಡಿನ ಪ್ರೇಷಿತ ಕಾರ್ಯದ ಸ್ಥಿತಿ ಹೇಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಮೈಸೂರು ಸೀಮೆಯಲ್ಲಿ 17ನೇ ಶತಮಾನದ ಮಧ್ಯಭಾಗದಿಂದ, ವಂದನೀಯ ಲಿಯೊನಾರ್ಡೊ ಚಿನ್ನಾಮಿಯವರ ಕಾಲದಿಂದ, ಯೇಸುಸಭೆಯ ಗುರುಗಳು ದುಡಿದಿದ್ದರು. 1773ರಲ್ಲಿ ಜಗದ್ಗುರುಗಳು ಯೇಸುಸಭೆಯನ್ನು ವಿಸರ್ಜಿಸಿದರು. ಹೊಸ ಗುರುಗಳು ಬರುವುದು ನಿಂತಿತು, ಇದ್ದವರಿಗೆ ವಯಸ್ಸಾಯಿತು. ಕರ್ನಾಟಿಕ್ ಪ್ರಾಂತ್ಯದ ಹೊಣೆ ಪ್ಯಾರಿಸ್ ಸಂಸ್ಥೆಯ ಪಾಲಿಗೆ ಬಂತು. ಪುದುಚೇರಿ ಅವರ ಕೇಂದ್ರವಾಯಿತು. ಬಂದ ಕೆಲವೇ ಗುರುಗಳಿಗೆ ಕೆಲಸ ಬೆಟ್ಟದಷ್ಟಿತ್ತು.

ದ್ಯುಬ್ವಾ ಮೊದಲು ತಮಿಳು ಸೀಮೆಯಲ್ಲಿ ಕೆಲಸ ಮಾಡಿದರು. ಅಲ್ಲಿಯೇ ಅವರು ತಮ್ಮ ಬದುಕಿನ ರೀತಿಯನ್ನು ಬದಲಾಯಿಸಿಕೊಂಡರು. ಯುರೋಪಿನ ಉಡುಪನ್ನು ಬಿಟ್ಟು ಬಿಳಿಯ ನಿಲುವಂಗಿ, ತಲೆಗೆ ಮುಂಡಾಸು, ಕೈಗೆ ಬಿದಿರುಕೋಲು ಹಿಡಿದರು. ಮಾಂಸಾಹಾರ ಬಿಟ್ಟು ಇಲ್ಲಿಯ ಊಟಕ್ಕೆ ಒಗ್ಗಿಕೊಂಡರು. ಜನರ ಭಾಷೆ ಕಲಿತರು. ಐರಿಷ್ ಚಿತ್ರಕಾರ ಥಾಮಸ್ ಹಿಕಿ ಬಿಡಿಸಿದ ಅವರ ಚಿತ್ರದಲ್ಲಿ ಈ ವೇಷವನ್ನೇ ಕಾಣುತ್ತೇವೆ. ಯುರೋಪಿಯನ್ನರ ಸಹವಾಸ ಕಡಿಮೆ ಮಾಡಿ, ಹಳ್ಳಿಯ ಚಾವಡಿಗಳಲ್ಲಿ ತಂಗುತ್ತಾ, ಜನರ ನಡುವೆ ಒಬ್ಬರಾಗಿ ಬಾಳುವುದು ಅವರ ಕ್ರಮವಾಯಿತು.

ಕುರುಬನಿಲ್ಲದ ಹಿಂಡು

ಶ್ರೀರಂಗಪಟ್ಟಣದ ಪತನದ ನಂತರ ಮೈಸೂರಿನ ಕ್ರೈಸ್ತರ ಯೋಗಕ್ಷೇಮಕ್ಕಾಗಿ ದ್ಯುಬ್ವಾ ಅವರನ್ನು ಕರೆಸಲಾಯಿತು. ಆಗ ಅಲ್ಲಿ ಸೇನಾಧಿಕಾರಿಯಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸು ಅವರಿಗಿತ್ತು. ಮುಂದೆ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಈತನೇ. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಒಬ್ಬ ಫ್ರೆಂಚ್ ಗುರುವಿಗೆ ಇಂತಹ ನಂಬಿಕೆ ದೊರಕಿದ್ದು ಸಣ್ಣ ಮಾತಲ್ಲ.

ಅವರು ಕಂಡ ನೋಟ ಏನು? ಕೆನರಾದಿಂದ ಬಂದ ಸೆರೆಯವರಲ್ಲಿ ಬಹಳ ಜನ ಹಸಿವೆ, ರೋಗ, ಶಿಕ್ಷೆಗಳಿಂದ ಸತ್ತಿದ್ದರು. ಸೆರೆಯಾದವರ ಒಟ್ಟು ಸಂಖ್ಯೆಯನ್ನು ದ್ಯುಬ್ವಾ ಅರವತ್ತು ಸಾವಿರ ಎಂದು ಬರೆದಿದ್ದಾರೆ; ಇತರ ದಾಖಲೆಗಳ ಅಂದಾಜುಗಳು ಇದಕ್ಕಿಂತ ಕಡಿಮೆ ಇವೆ. ಬಲವಂತದಿಂದ ಮತ ಬದಲಿಸಿದವರು ಮತ್ತೆ ಧರ್ಮಸಭೆಗೆ ಬರಲು ಹಂಬಲಿಸುತ್ತಿದ್ದರು. ಮೈಸೂರು ಸೀಮೆಯ ಹಳೆಯ ಕ್ರೈಸ್ತರೂ ಇದೇ ಬಿರುಗಾಳಿಗೆ ಸಿಕ್ಕಿದ್ದರು. ಗುಡಿಗಳು ಬಿದ್ದಿದ್ದವು, ಗುರುಗಳಿರಲಿಲ್ಲ, ಮಕ್ಕಳಿಗೆ ಜ್ಞಾನಸ್ನಾನವಾಗಿರಲಿಲ್ಲ.

ದ್ಯುಬ್ವಾ ಊರೂರು ಅಲೆದರು. ಮರಳಿ ಬಂದವರನ್ನು ಪಾಪನಿವೇದನೆ ಕೇಳಿ ಧರ್ಮಸಭೆಯಲ್ಲಿ ಸೇರಿಸಿಕೊಂಡರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ 1800ರ ಸುಮಾರಿಗೆ ಕಟ್ಟಿಸಿದ ಗುಡಿ ಇಂದಿಗೂ ಅಬ್ಬೆ ದ್ಯುಬ್ವಾ ಚರ್ಚ್ ಎಂದೇ ಹೆಸರಾಗಿದೆ.

ಆದರೆ ಗುಡಿ ಕಟ್ಟಿದರೆ ಸಾಲದು ಎಂಬುದು ಅವರಿಗೆ ಬೇಗನೆ ತಿಳಿಯಿತು. ಭಾನುವಾರ ಬಲಿಪೂಜೆಗೆ ಬಂದ ಕುಟುಂಬ ಮರುದಿನ ಕೂಲಿ ಹುಡುಕಿಕೊಂಡು ಇನ್ನೊಂದು ಊರಿಗೆ ಹೋಗಿಬಿಡುತ್ತಿತ್ತು. ಹಸಿದವನಿಗೆ ನಿಂತ ಊರಿಲ್ಲ. ಊರು ಇಲ್ಲದ ಕಡೆ ಧರ್ಮಕೇಂದ್ರ ನಿಲ್ಲುವುದಿಲ್ಲ. ಆದ್ದರಿಂದ ದಿಕ್ಕಿಲ್ಲದ ಕ್ರೈಸ್ತರನ್ನು ಒಟ್ಟುಗೂಡಿಸಿ ಭೂಮಿಯ ಮೇಲೆ ನೆಲೆಗೊಳಿಸುವ ಕೆಲಸಕ್ಕೆ ಅವರು ಕೈಹಾಕಿದರು. ಅದರಲ್ಲಿ ಮುಖ್ಯವಾದದ್ದು ಹಾಸನದ ಹತ್ತಿರದ ಸಾತಳ್ಳಿ.

ಸಾತಳ್ಳಿಯ ವರ್ಷದ ಸುತ್ತು

ಹಾಸನ ಸೀಮೆ ಎರಡು ನಾಡುಗಳ ನಡುವೆ ಇದೆ. ಪಡುವಣಕ್ಕೆ ಸಕಲೇಶಪುರದ ಮಲೆನಾಡು, ಮೂಡಣಕ್ಕೆ ಬಯಲು. ಕರಾವಳಿಯಂತೆ ಇಲ್ಲಿ ಮಳೆ ಧಾರೆಯಾಗಿ ಸುರಿಯುವುದಿಲ್ಲ. ಶಿರಾದ ಹುಲಿಕುಂಟೆ, ಮಧುಗಿರಿ, ಪಾವಗಡಗಳ ಕಡೆಯಂತೆ ಪದೇ ಪದೇ ಕೈಕೊಡುವುದೂ ಇಲ್ಲ. ಕೆರೆಯ ಕೆಳಗೆ ಭತ್ತದ ಗದ್ದೆ, ಉಳಿದ ಕಡೆ ರಾಗಿಯ ಹೊಲ. ಇಂತಹ ನಾಡಿನಲ್ಲಿ ದುಡಿಯುವ ಕೈಗಳಿಗೆ ಅನ್ನವಿದೆ. ಆದರೆ ಯುದ್ಧಗಳ ಕಾಲದಲ್ಲಿ ದಂಡು ಹಾದುಹೋದ ಕಡೆಯೆಲ್ಲ ಹಳ್ಳಿಗಳು ಬರಿದಾಗಿದ್ದವು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಪಾಳುಬಿದ್ದ ನೆಲಕ್ಕೆ ಮತ್ತೆ ಒಕ್ಕಲು ತರುವುದು ದೊಡ್ಡ ಕೆಲಸವಾಗಿತ್ತು.

ಹೊಸದಾಗಿ ನೆಲೆಗೊಂಡ ಒಕ್ಕಲಿಗೆ ಏನೇನು ಬೇಕು? ನೆಲ ಸಿಕ್ಕಿದರೂ ಜೋಡಿ ಎತ್ತು ಬೇಕು, ನೇಗಿಲು ಬೇಕು, ಬಿತ್ತನೆ ಕಾಳು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮೊದಲ ಫಸಲು ಕೈಗೆ ಬರುವ ತನಕ ಆರೇಳು ತಿಂಗಳು ಮನೆಮಂದಿಗೆ ಊಟ ಬೇಕು. ಇದನ್ನು ಸಾಲ ಮಾಡಿ ತಂದವನು ಫಸಲನ್ನು ಕಣದಲ್ಲೇ ಸಾಲಗಾರನಿಗೆ ಅಳೆದು ಕೊಡಬೇಕಾಗುತ್ತಿತ್ತು. ದ್ಯುಬ್ವಾ ಈ ಬಡತನವನ್ನು ಹತ್ತಿರದಿಂದ ಕಂಡವರು. ತಮ್ಮ ಪುಸ್ತಕದಲ್ಲಿ ಅವರು ಜನರನ್ನು ಆಸ್ತಿಯ ಬೆಲೆಯ ಪ್ರಕಾರ ವರ್ಗ ಮಾಡಿ ತೋರಿಸಿದ್ದಾರೆ. ಐದು ಪೌಂಡಿಗಿಂತ ಕಡಿಮೆ ಆಸ್ತಿ ಇರುವವರೇ ಹೆಚ್ಚುಕಡಿಮೆ ಅರ್ಧದಷ್ಟು ಜನ ಎಂಬುದು ಅವರ ಲೆಕ್ಕ. ಮದುವೆಯ ಸಾಲಕ್ಕಾಗಿ ವರ್ಷಗಟ್ಟಲೆ ಜೀತಕ್ಕೆ ಬಿದ್ದವರ ಕಷ್ಟವನ್ನೂ, ಯುರೋಪಿನ ಯಂತ್ರದ ಬಟ್ಟೆಯಿಂದ ಇಲ್ಲಿಯ ನೇಕಾರರ ಮಗ್ಗಗಳು ನಿಂತುಹೋಗುತ್ತಿದ್ದುದನ್ನೂ ಅವರು ಬರೆದಿದ್ದಾರೆ.

ಈ ಸೀಮೆಯ ಬೇಸಾಯಕ್ಕೂ ಧರ್ಮಸಭೆಯ ಪೂಜಾವರ್ಷಕ್ಕೂ ಒಂದು ಹೊಂದಾಣಿಕೆ ಇದೆ. ಘಟ್ಟದ ಮೇಲಿನ ಕ್ರೈಸ್ತ ಹಳ್ಳಿಗಳನ್ನು ಬಲ್ಲವರಿಗೆ ಇದು ಗೊತ್ತು. ತಪಸ್ಸು ಕಾಲ ಬರುವಾಗ ಹೊಲಗಳು ಬರಿದಾಗಿರುತ್ತವೆ, ಬಿಸಿಲು ಏರುತ್ತಿರುತ್ತದೆ. ಗೊಬ್ಬರ ಸಾಗಿಸುವ, ಬೇಲಿ ಕಟ್ಟುವ, ಕೆರೆಯ ಹೂಳೆತ್ತುವ ದಿನಗಳು ಇವು. ಪಾಸ್ಕ ಹಬ್ಬ ಕಳೆದು ಭರಣಿ, ಕೃತ್ತಿಕೆಯ ಮಳೆಗಳು ಬಿದ್ದವೆಂದರೆ ನೇಗಿಲು ಹೊರಡುತ್ತದೆ. ಮಣ್ಣು ಹದವಾಗುವ ತನಕ ಮೂರು ನಾಲ್ಕು ಸಲವಾದರೂ ಉಳುತ್ತಾರೆ. ಪವಿತ್ರಾತ್ಮರ ಹಬ್ಬದ ಹೊತ್ತಿಗೆ ಮುಂಗಾರು ಎಂದು ಬರುವುದೋ ಎಂದು ಎಲ್ಲರೂ ಪಡುವಣ ದಿಕ್ಕನ್ನು ನೋಡುತ್ತಿರುತ್ತಾರೆ.

ಪುನರ್ವಸು, ಪುಷ್ಯ ಮಳೆಗಳಲ್ಲಿ ರಾಗಿಯ ಬಿತ್ತನೆ. ಕೂರಿಗೆಯಲ್ಲಿ ಸಾಲು ಹಿಡಿದು ರಾಗಿ ಬಿತ್ತಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಹಳೆಯ ರೈತರ ಎಣಿಕೆ ಅದು. ಪೈರು ಎದ್ದ ಮೇಲೆ ಕುಂಟೆ ಹೊಡೆದು ತೆಳುವು ಮಾಡುವುದು, ಹೆಂಗಸರು ಸಾಲಾಗಿ ಕೂತು ಕಳೆ ಕೀಳುವುದು. ಆಗಸ್ಟ್ 15ರ ಸ್ವರ್ಗಸ್ವೀಕೃತ ಮಾತೆಯ ಹಬ್ಬ, ಸೆಪ್ಟೆಂಬರ್ 8ರ ಮಾತೆಯ ಜನನದ ಹಬ್ಬ ಈ ಹಸಿರಿನ ದಿನಗಳಲ್ಲಿ ಬರುತ್ತವೆ. ಕರಾವಳಿಯಲ್ಲಿ ನಾವು ಮೊಂತಿ ಹಬ್ಬಕ್ಕೆ ಹೊಸ ತೆನೆ ತರುವಾಗ ಘಟ್ಟದ ಮೇಲೆ ರಾಗಿ ಇನ್ನೂ ತೆನೆ ಬಿಚ್ಚಿರುವುದಿಲ್ಲ.

ನವೆಂಬರಿನಲ್ಲಿ, ಸತ್ತ ಆತ್ಮಗಳಿಗಾಗಿ ಪ್ರಾರ್ಥಿಸುವ ತಿಂಗಳಲ್ಲಿ, ಕುಯ್ಲು ಶುರುವಾಗುತ್ತದೆ. ಕುಯ್ದ ರಾಗಿಯನ್ನು ಮೆದೆ ಒಟ್ಟಿ, ಕಣವನ್ನು ಸಗಣಿಯಲ್ಲಿ ಸಾರಿಸಿ, ರೋಣಗಲ್ಲು ಎಳೆಸಿ, ಗಾಳಿಗೆ ತೂರಿ ರಾಶಿ ಮಾಡುವ ಹೊತ್ತಿಗೆ ಕ್ರಿಸ್ತಜಯಂತಿ ಬಂದಿರುತ್ತದೆ. ಚಳಿಯಲ್ಲಿ ಕಣದ ಪಕ್ಕ ಬೆಂಕಿ ಕಾಯಿಸುತ್ತಾ ರಾಶಿ ಕಾಯುವವರಿಗೆ, ರಾತ್ರಿ ಹಿಂಡು ಕಾಯುತ್ತಿದ್ದ ಬೆತ್ಲೆಹೇಮಿನ ಕುರುಬರ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಂಡು ಉಳಿದ ರಾಗಿಯನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ರಾಗಿಗೆ ಹುಳ ಹತ್ತುವುದು ಕಡಿಮೆ, ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವಿನಲ್ಲಿ ಕಾಳಿರುವ ಊರು ಒಂದು ವರ್ಷದ ಬರಕ್ಕೆ ಗುಳೆ ಹೋಗುವುದಿಲ್ಲ. ಚದುರಿದ್ದ ಜನ ಊರಾಗಿ ನಿಂತದ್ದು ಇಂತಹ ದುಡಿಮೆಯಿಂದ.

ಸಾತಳ್ಳಿ ಒಂದೇ ಹಳ್ಳಿಯಾಗಿ ಉಳಿಯಲಿಲ್ಲ. ಅದರ ಸುತ್ತ ಕ್ರೈಸ್ತ ಒಕ್ಕಲುಗಳ ಸಣ್ಣ ಊರುಗಳ ಗುಂಪು ಬೆಳೆಯಿತು. ಮುಂದೆ ಬಂದ ಫ್ರೆಂಚ್ ಗುರುಗಳಿಗೆ ಹಾಸನ ಸೀಮೆಯ ಮುಖ್ಯ ನೆಲೆ ಅದೇ ಆಯಿತು.

ಸಿಡುಬಿನ ವಿರುದ್ಧ

ನೆಲೆಗೊಂಡ ಊರಿಗೆ ಇನ್ನೊಂದು ಶತ್ರು ಇತ್ತು. ಅದು ಸಿಡುಬು. ಸಿಡುಬು ಹೊಕ್ಕ ಮನೆಯಲ್ಲಿ ಮಕ್ಕಳು ಸಾಯುತ್ತಿದ್ದರು, ಉಳಿದವರಲ್ಲಿ ಕೆಲವರು ಕುರುಡರಾಗುತ್ತಿದ್ದರು. ಬಿತ್ತನೆಯ ಕಾಲದಲ್ಲಿ ಅದು ಬಂದರೆ ಊರಿನ ಹೊಲವೆಲ್ಲ ಪಾಳು.

ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ದ್ರವದಿಂದ ಲಸಿಕೆ ಹಾಕುವ ಕ್ರಮವನ್ನು 1796ರಲ್ಲಿ ಪರೀಕ್ಷಿಸಿ 1798ರಲ್ಲಿ ಪ್ರಕಟಿಸಿದರು. 1802ರ ಜೂನ್‌ನಲ್ಲಿ ಆ ಲಸಿಕೆ ಮುಂಬಯಿಗೆ ಮುಟ್ಟಿತು. ಆಗ ಲಸಿಕೆಯನ್ನು ಶೀಶೆಯಲ್ಲಿ ಇಡುವ ಅನುಕೂಲ ಇರಲಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ದ್ರವವನ್ನು ಇನ್ನೊಬ್ಬರ ತೋಳಿಗೆ ಹಾಕಿ, ಹೀಗೆ ತೋಳಿನಿಂದ ತೋಳಿಗೆ ಸಾಗಿಸಬೇಕಿತ್ತು. ಸರಪಣಿ ಕಡಿದರೆ ಮತ್ತೆ ದೂರದಿಂದ ತರಿಸಬೇಕು. ಬೇರೆ ಜಾತಿಯವರ ಮೈಯಿಂದ ಬಂದದ್ದನ್ನು ತಮ್ಮ ಮಕ್ಕಳ ಮೈಗೆ ಹಾಕಿಸಲು ಜನ ಹಿಂಜರಿದರು. ಸಿಡುಬನ್ನು ದೇವಿಯೆಂದು ನಂಬಿದವರಿಗೆ ಅದನ್ನು ತಡೆಯುವುದೇ ತಪ್ಪಾಗಿ ಕಂಡಿತು.

ಸರಕಾರಿ ನೌಕರರಿಗೆ ಬಾಗಿಲು ಮುಚ್ಚಿದವರು ಮುಂಡಾಸಿನ ಸ್ವಾಮಿಗಳಿಗೆ ಬಾಗಿಲು ತೆರೆದರು. ವರ್ಷಗಳಿಂದ ಅವರ ನಡುವೆ ಬಾಳಿದ್ದರ ಫಲ ಅದು. 1803-04ರಲ್ಲಿ ದ್ಯುಬ್ವಾ ಅವರ ಪ್ರಯತ್ನದಿಂದ ಲಸಿಕೆ ಹಾಕಿಸಿಕೊಂಡು ದಾಖಲಾದವರ ಸಂಖ್ಯೆ 25,432 ಎಂದು ಹೇಳಲಾಗಿದೆ. ಭಾರತಕ್ಕೆ ಲಸಿಕೆ ಬಂದು ಎರಡು ವರ್ಷವೂ ತುಂಬದ ಕಾಲದಲ್ಲಿ, ಕಾಲುನಡಿಗೆಯ ದಾರಿಗಳಲ್ಲಿ ಇದು ದೊಡ್ಡ ಕೆಲಸ.

ಪುಸ್ತಕ ಮತ್ತು ಅದರ ಋಣ

ದ್ಯುಬ್ವಾ ಅವರಿಗೆ ಲೋಕಪ್ರಸಿದ್ಧಿ ತಂದದ್ದು ಭಾರತೀಯರ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದರ ಹಸ್ತಪ್ರತಿಯನ್ನು ಮೆಚ್ಚಿ ಶಿಫಾರಸು ಮಾಡಿದರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಕಾಲದಲ್ಲಿ, 1807ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿ ಎರಡು ಸಾವಿರ ವರಹಗಳಿಗೆ ಅದನ್ನು ಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ತಿದ್ದಿ ಬೆಳೆಸಿದ ಫ್ರೆಂಚ್ ಮೂಲ 1825ರಲ್ಲಿ ಹೊರಬಂತು. ಅದರ ಇಂಗ್ಲಿಷ್ ಅನುವಾದವನ್ನು ಹೆನ್ರಿ ಬೋಷಾಂಪ್ 1897ರಲ್ಲಿ ಪ್ರಕಟಿಸಿದ ಮೇಲೆ ಅದು ಬಹಳ ಜನರ ಕೈಸೇರಿತು. ಪಂಚತಂತ್ರದ ಕಥೆಗಳನ್ನೂ ದ್ಯುಬ್ವಾ ಫ್ರೆಂಚ್ ಭಾಷೆಗೆ ತಂದರು.

ಇಲ್ಲಿ ಸತ್ಯವನ್ನು ಮರೆಮಾಚಬಾರದು. ಈ ಗ್ರಂಥದ ಬಹುಭಾಗ ಯೇಸುಸಭೆಯ ವಂದನೀಯ ಕೇರ್ದೂ ಅವರು ಬಹಳ ಮೊದಲೇ ಬರೆದಿದ್ದ ಹಸ್ತಪ್ರತಿಯನ್ನು ಆಧರಿಸಿದೆ ಎಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ದ್ಯುಬ್ವಾ ಆ ಋಣವನ್ನು ಹೇಳಿಕೊಳ್ಳಲಿಲ್ಲ. ಹಿಂದೂ ಸಮಾಜದ ಬಗ್ಗೆಯೂ, ಕೀಳಾಗಿ ಕಾಣಲಾಗುತ್ತಿದ್ದ ಜಾತಿಗಳ ಬಗ್ಗೆಯೂ ಅವರು ಬರೆದ ಎಷ್ಟೋ ಮಾತುಗಳು ಕಠೋರವಾಗಿವೆ, ನಮಗೆ ಇಂದು ಒಪ್ಪುವಂಥವಲ್ಲ. ಜಾತಿವ್ಯವಸ್ಥೆಯನ್ನು ಸಮಾಜಕ್ಕೆ ಉಪಯುಕ್ತ ಎಂದು ಅವರು ಸಮರ್ಥಿಸಿದ್ದೂ ಉಂಟು. ದೊಡ್ಡವರ ಜೀವನವನ್ನು ಓದುವಾಗ ಬೆಳಕನ್ನೂ ನೆರಳನ್ನೂ ಕೂಡಿಯೇ ನೋಡಬೇಕು.

ಸೋಲಿನ ಲೆಕ್ಕ

ಮೂವತ್ತು ವರ್ಷಗಳ ಸೇವೆಯ ಕೊನೆಯಲ್ಲಿ ದ್ಯುಬ್ವಾ ಅವರ ಮನಸ್ಸು ಭಾರವಾಗಿತ್ತು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ಅವರು ತಮ್ಮ ದುಡಿಮೆಯ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಿದರು. ಒಬ್ಬ ದೇಶೀಯ ಗುರುವಿನ ಸಹಾಯವಿದ್ದೂ ಇಷ್ಟು ವರ್ಷಗಳಲ್ಲಿ ಹೊಸದಾಗಿ ಧರ್ಮಕ್ಕೆ ಬಂದವರು ಇನ್ನೂರು ಮುನ್ನೂರು ಜನ ಮಾತ್ರ. ಅವರಲ್ಲೂ ಹೆಚ್ಚಿನವರು ಬೇರೆ ಆಸರೆಯಿಲ್ಲದ ಬಡವರು ಎಂದರು. ಈ ದೇಶದಲ್ಲಿ ಕ್ರೈಸ್ತಧರ್ಮ ಬೆಳೆಯುವ ಕಾಲ ಮುಗಿದುಹೋಯಿತು ಎಂಬ ನಿರ್ಣಯಕ್ಕೆ ಬಂದರು. ಈ ಪುಸ್ತಕ ದೊಡ್ಡ ವಾದಕ್ಕೆ ಕಾರಣವಾಯಿತು. ಪ್ರಾಟೆಸ್ಟೆಂಟ್ ಪ್ರೇಷಿತರಲ್ಲಿ ಕೆಲವರು ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಅವರ ಪ್ರಯಾಣದ ವೆಚ್ಚವನ್ನು ಕಂಪೆನಿ ಭರಿಸಿತು, ವಿಶ್ರಾಂತಿ ವೇತನವನ್ನೂ ಕೊಟ್ಟಿತು. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರ ತನಕ ಶ್ರೇಷ್ಠರಾಗಿ ಸೇವೆ ಸಲ್ಲಿಸಿದರು. ತಾನು ಸೋತೆ ಎಂದು ಬರೆದವರೇ ಉಳಿದ ಆಯುಷ್ಯವನ್ನು ಪೂರ್ವದೇಶಗಳಿಗೆ ಹೊರಡುವ ಎಳೆಯ ಗುರುಗಳನ್ನು ಸಿದ್ಧಪಡಿಸುವ ಮನೆಯಲ್ಲಿ ಕಳೆದರು ಎಂಬುದು ಗಮನಿಸಬೇಕಾದ ಮಾತು. 1848ರ ಫೆಬ್ರುವರಿ 17ರಂದು ಅವರು ಪ್ಯಾರಿಸಿನಲ್ಲಿ ನಿಧನರಾದರು. ತಾರುಣ್ಯದಲ್ಲಿ ಒಂದು ಕ್ರಾಂತಿಯಿಂದ ಪಾರಾಗಿ ಬಂದವರು ಇನ್ನೊಂದು ಕ್ರಾಂತಿಗೆ ಕೆಲವೇ ದಿನ ಮೊದಲು ಕಣ್ಣು ಮುಚ್ಚಿದರು.

ಬಿತ್ತಿದವರೊಬ್ಬರು, ಕುಯ್ದವರು ಹಲವರು

ದ್ಯುಬ್ವಾ ತಮ್ಮ ಲೆಕ್ಕದಲ್ಲಿ ಒಂದನ್ನು ಸೇರಿಸಿರಲಿಲ್ಲ. ಅವರು ಹೊಸದಾಗಿ ಬಂದವರನ್ನು ಎಣಿಸಿದರು. ಚದುರಿಹೋಗಬಹುದಾಗಿದ್ದವರು ಉಳಿದದ್ದನ್ನು ಎಣಿಸಲಿಲ್ಲ. ಸಾತಳ್ಳಿ ಉಳಿಯಿತು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಗಿ ನಿಂತು, ಧರ್ಮಾಧ್ಯಕ್ಷ ಶಾರ್ಬೊನೋ ಅವರ ಕಾಲದಲ್ಲಿ ಬೆಳೆಯತೊಡಗಿದಾಗ ಅದಕ್ಕೆ ಆಧಾರವಾದದ್ದು ಇಂತಹ ಹಳೆಯ ಹಳ್ಳಿಗಳೇ. ಹಾಸನ ಜಿಲ್ಲೆ ಈಗ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ.

ಅವರು ಹಾಕಿದ ದಾರಿಯನ್ನು ಮುಂದಿನವರು ಬಿಡಲಿಲ್ಲ. 1876-78ರ ದೊಡ್ಡ ಬರಗಾಲದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು, ಸಾವಿರಾರು ಮಕ್ಕಳು ತಬ್ಬಲಿಗಳಾದರು. ಅದೇ ಪ್ಯಾರಿಸ್ ಸಂಸ್ಥೆಯ ಗುರುಗಳು ಆ ಮಕ್ಕಳನ್ನು ಸಾಕಿ, ಭೂಮಿಯ ಮೇಲೆ ನೆಲೆಗೊಳಿಸಿ ಊರು ಮಾಡಿದರು. ನೆಲಮಂಗಲದ ಕಡೆಯ ಸಿಲುವೇಪುರ, ಕನಕಪುರದ ದಾರಿಯ ಮರಿಯಾಪುರ ಹಾಗೆ ಎದ್ದ ಬೇಸಾಯದ ಊರುಗಳು. ಮೊದಲು ಅನ್ನ, ನೆಲೆ. ಅದರ ಜೊತೆಯಲ್ಲೇ ಶಾಲೆ ಮತ್ತು ಗುಡಿ. ಸಾತಳ್ಳಿಯಲ್ಲಿ ಕಲಿತ ಪಾಠವೇ ಇದು.

ಹಾಸನ ಸೀಮೆಯ ಇನ್ನೊಂದು ಊರನ್ನು ಇಲ್ಲಿ ನೆನೆಯದೆ ಇರಲಾಗದು. ಅದು ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಅಲ್ಲಿ ಜಪಮಾಲೆ ಮಾತೆಯ ದೊಡ್ಡ ಗುಡಿಯನ್ನು ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದಾಗ ಊರು, ಹೊಲ, ಗದ್ದೆ ಎಲ್ಲ ಹಿನ್ನೀರಿನ ಪಾಲಾದವು. ಜನ ಎದ್ದುಹೋಗಿ ಬೇರೆ ಕಡೆ ಹೊಸ ಊರುಗಳನ್ನು ಮಾಡಿಕೊಂಡರು. ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ, ಬೇಸಿಗೆಯಲ್ಲಿ ಮತ್ತೆ ಕಾಣಿಸುವ ಆ ಗುಡಿಯ ಗೋಡೆಗಳನ್ನು ನೋಡಲು ದೂರದಿಂದ ಪ್ರವಾಸಿಗಳು ಬರುತ್ತಾರೆ, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ನೀರಿನ ಕೆಳಗೆ ತಲೆಮಾರುಗಳು ಉತ್ತು ಬಿತ್ತಿದ ಮಣ್ಣಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಗುಡಿ ಮುಳುಗಿದರೂ ಜನ ಚದುರಲಿಲ್ಲ. ಹೊಸ ನೆಲದಲ್ಲಿ ಮತ್ತೆ ಊರು ಕಟ್ಟಿದರು.

ನಮ್ಮ ಧರ್ಮಕೇಂದ್ರಗಳಿಗೆ ಒಂದು ಮಾತು

ಕರಾವಳಿಯ ನಮ್ಮ ಹಿರಿಯರೂ 1799ರ ನಂತರ ಬರಿಗೈಯಲ್ಲಿ ಬಂದು, ಕಳೆದುಕೊಂಡಿದ್ದ ಗದ್ದೆ ತೋಟಗಳನ್ನು ಮತ್ತೆ ಹಸಿರು ಮಾಡಿ, ಆ ದುಡಿಮೆಯಿಂದಲೇ ಇಗರ್ಜಿಗಳನ್ನು ಕಟ್ಟಿದವರು. ಇಂದು ನಮ್ಮ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ಮಕ್ಕಳು ಕೊಲ್ಲಿ ದೇಶಗಳಿಗೆ, ದೊಡ್ಡ ನಗರಗಳಿಗೆ ಹೋಗಿದ್ದಾರೆ. ಅದು ತಪ್ಪು ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಅವರು ಕಳುಹಿಸಿದ ಹಣದಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಮೊಂತಿ ಹಬ್ಬಕ್ಕೆ ತೆನೆಯನ್ನು ಬೇರೆ ಊರಿನಿಂದ ತರಿಸುವ ಧರ್ಮಕೇಂದ್ರಗಳು ಒಂದು ಗಳಿಗೆ ಯೋಚಿಸುವುದು ಒಳ್ಳೆಯದು. ಪಾಲನಾ ಪರಿಷತ್ತುಗಳು, ಯುವ ಸಂಘಟನೆಗಳು, ಸ್ತ್ರೀ ಸಂಘಗಳು ಹಡಿಲು ಬಿದ್ದ ಒಂದೇ ಒಂದು ಗದ್ದೆಯನ್ನಾದರೂ ಕೂಡಿ ಬೇಸಾಯ ಮಾಡಲು ಸಾಧ್ಯವಿಲ್ಲವೇ?

ಮೂವತ್ತು ವರ್ಷ ದುಡಿದ ಒಬ್ಬ ಗುರು ತನ್ನ ಕೈಯಲ್ಲಿ ಏನೂ ಉಳಿದಿಲ್ಲ ಎಂದುಕೊಂಡು ಹಡಗು ಹತ್ತಿದರು. ಅವರು ಹೋದ ವರ್ಷವೂ ಹಾಸನ ಸೀಮೆಯಲ್ಲಿ ಮಳೆ ಬಂತು, ನೇಗಿಲು ಹೊರಟಿತು. ನಮ್ಮ ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ಗುರುಗಳು, ಭಗಿನಿಯರು, ಉಪದೇಶಿಗಳು, ಗುರಿಕಾರರು ಕೆಲವೊಮ್ಮೆ ತಮ್ಮ ದುಡಿಮೆಯ ಫಲ ಕಾಣದೆ ಬೇಸರಪಡುತ್ತಾರೆ. ಅಂಥವರು ಸಾತಳ್ಳಿಯ ದೊಡ್ಡಸ್ವಾಮಿಯವರನ್ನು ನೆನೆಯಲಿ. ಬಿತ್ತುವವನ ಪಾಲಿಗೆ ಬಿತ್ತನೆಯಷ್ಟೇ. ಬೆಳೆಸುವವನು ದೇವರು, ಕುಯ್ಯುವವರು ಮುಂದೆ ಬರುತ್ತಾರೆ.